ಬೆಣ್ಣೆ-ತುಪ್ಪದ ಊಟಕ್ಕೆ ಪ್ರೋಬಯಾಟಿಕ್ ಕ್ಯಾಪ್ಸೂಲ್ ಕಾವಲಾದೀತೇ?

ಪ್ರಶ್ನೆ: ನನಗೆ 38 ವರ್ಷ, ಊರು ಹುಬ್ಬಳ್ಳಿ, ದಿನವಿಡೀ ಕುಳಿತು ಮಾಡುವ ಕೆಲಸ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.1 ಎಂದು ವರದಿ ಬಂದಾಗ ಹೆದರಿ, ನಾಲ್ಕು ತಿಂಗಳಿನಿಂದ ಕೀಟೊ ಆಹಾರಕ್ಕೆ ಬದಲಾಗಿದ್ದೇನೆ. ಅನ್ನ, ರೊಟ್ಟಿ, ಸಕ್ಕರೆ, ಕಾಳು ಎಲ್ಲವನ್ನೂ ಬಿಟ್ಟು ಪನೀರ್, ಮೊಟ್ಟೆ, ಕೋಳಿ, ಬೆಣ್ಣೆ, ತುಪ್ಪ ತಿನ್ನುತ್ತಿದ್ದೇನೆ. ತೂಕ ಏಳು ಕಿಲೋ ಇಳಿದಿದೆ. ಟ್ರೈಗ್ಲಿಸರೈಡ್ 230ರಿಂದ 140ಕ್ಕೆ ಬಂದಿದೆ. ಆದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 118 ಇದ್ದದ್ದು 171 ಆಗಿದೆ, ಮಲಬದ್ಧತೆಯೂ ಶುರುವಾಗಿದೆ. ‘ಇಷ್ಟು ಕೊಬ್ಬು ತಿನ್ನುವವರು ಪ್ರೋಬಯಾಟಿಕ್ ತೆಗೆದುಕೊಳ್ಳಲೇಬೇಕು, ಅದಿದ್ದರೆ ಕೊಬ್ಬು ಏನೂ ಮಾಡದು’ ಎಂದು ಜಿಮ್ ತರಬೇತುದಾರರು ತಿಂಗಳಿಗೆ 1,800 ರೂಪಾಯಿಯ ಕ್ಯಾಪ್ಸೂಲ್ ಸೂಚಿಸಿದ್ದಾರೆ. ಡಬ್ಬಿಯ ಮೇಲೆ 5,000 ಕೋಟಿ ಜೀವಾಣು ಎಂದು ಬರೆದಿದೆ. ದಿನಕ್ಕೊಂದು ಲೋಟ ಮಜ್ಜಿಗೆ ಕುಡಿದರೆ ಸಾಕು, ಇದೆಲ್ಲ ಯಾಕೆ ಎನ್ನುವುದು ನನ್ನ ಅವ್ವನ ಮಾತು. ನಮ್ಮ ತಂದೆಗೆ 51ನೇ ವಯಸ್ಸಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಯಾರ ಮಾತು ಕೇಳಲಿ?

ಉತ್ತರ: ಪ್ರೋಬಯಾಟಿಕ್, ಅಂದರೆ ಆರೋಗ್ಯದ ಲಾಭಕ್ಕೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ ನುಂಗಿದರೆ ಕೊಬ್ಬು ಏನೂ ಮಾಡದು ಎಂಬ ಮಾತಿಗೆ ಆಧಾರವಿಲ್ಲ. ಇದನ್ನು ಮೊದಲೇ ಖಂಡಿತವಾಗಿ ಹೇಳಿಬಿಡುತ್ತೇನೆ. ಹಾಗೆಂದು ನಿಮ್ಮ ತರಬೇತುದಾರರು ಇಲ್ಲದ್ದನ್ನು ಹುಟ್ಟಿಸಿ ಹೇಳಿದ್ದಾರೆ ಎಂದೂ ಅಲ್ಲ. ಕರುಳಿನ ಬ್ಯಾಕ್ಟೀರಿಯಾ, ಕೊಬ್ಬಿನ ಊಟ, ಇನ್ಸುಲಿನ್ ಈ ಮೂರರ ನಡುವಿನ ಸಂಬಂಧದ ಬಗ್ಗೆ ಕಳೆದ ಎರಡು ದಶಕಗಳಲ್ಲಿ ಗಂಭೀರ ಸಂಶೋಧನೆ ನಡೆದಿದೆ. ಅದು ಏನನ್ನು ತೋರಿಸಿದೆ, ಎಲ್ಲಿಗೆ ನಿಂತಿದೆ ಎಂಬುದು ಗೊತ್ತಾದರೆ ಆ 1,800 ರೂಪಾಯಿಯನ್ನು ಎಲ್ಲಿ ಖರ್ಚು ಮಾಡಬೇಕೆಂದು ನೀವೇ ನಿರ್ಧರಿಸಬಲ್ಲಿರಿ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರವಾದ ಎರಡು ಪ್ರಯೋಗಗಳು 2015ರಲ್ಲಿ ಪ್ರಕಟವಾದವು. ಒಂದನ್ನು ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಹಲ್ಸ್ಟನ್ ಮತ್ತು ಸಂಗಡಿಗರು ನಡೆಸಿದರು. ಅದರಲ್ಲಿ ಇದ್ದವರು 17 ಮಂದಿ ಆರೋಗ್ಯವಂತರು. ಅವರಲ್ಲಿ ಎಂಟು ಮಂದಿ ನಾಲ್ಕು ವಾರ, ದಿನಕ್ಕೆರಡು ಬಾರಿ, ಲ್ಯಾಕ್ಟೊಬ್ಯಾಸಿಲಸ್ ಕೇಸಿ ಶಿರೋಟಾ ಎಂಬ ತಳಿಯಿರುವ ಹುದುಗಿಸಿದ ಹಾಲಿನ ಪಾನೀಯ ಕುಡಿದರು. ನಮ್ಮ ಅಂಗಡಿಗಳಲ್ಲಿ ಸಿಗುವ ಯಾಕುಲ್ಟ್ ಬಾಟಲಿಯಲ್ಲಿರುವುದು ಇದೇ ತಳಿ. ಉಳಿದ ಒಂಬತ್ತು ಮಂದಿ ಅದನ್ನು ಕುಡಿಯಲಿಲ್ಲ. ಕೊನೆಯ ಏಳು ದಿನ ಎಲ್ಲರಿಗೂ ಮಾಮೂಲಿಗಿಂತ ಒಂದೂವರೆ ಪಟ್ಟು ಕ್ಯಾಲರಿಯ ಊಟ. ಆ ಕ್ಯಾಲರಿಯಲ್ಲಿ ಶೇ. 65ರಷ್ಟು ಕೊಬ್ಬಿನಿಂದಲೇ. ಪಾನೀಯ ಕುಡಿಯದವರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿ ಒಂದೇ ವಾರದಲ್ಲಿ ಶೇ. 27ರಷ್ಟು ಕುಸಿಯಿತು. ಕುಡಿದವರಲ್ಲಿ ಅದು ಹಾಗೆಯೇ ಉಳಿಯಿತು.

ಇಷ್ಟನ್ನು ಮಾತ್ರ ಓದಿದವರಿಗೆ ತರಬೇತುದಾರರ ಮಾತು ನಿಜವೆನಿಸುವುದು ಸಹಜ. ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ನಡೆದ ಎರಡನೆಯ ಪ್ರಯೋಗವನ್ನೂ ಜೊತೆಗಿಟ್ಟು ಓದಬೇಕು. ಅಲ್ಲಿ ಬೊಜ್ಜಿಲ್ಲದ 20 ಯುವಕರಿಗೆ ನಾಲ್ಕು ವಾರ ದಿನಕ್ಕೆ 1,000 ಕ್ಯಾಲರಿ ಹೆಚ್ಚುವರಿಯಾಗಿ, ಕೊಬ್ಬಿನ ಪಾಲು ಶೇ. 55 ಇರುವಂತೆ ಊಟ ಕೊಟ್ಟರು. ಕೆಲವರಿಗೆ ವಿಎಸ್‌ಎಲ್3 ಎಂಬ ಬಹುತಳಿಯ ಪ್ರೋಬಯಾಟಿಕ್, ಉಳಿದವರಿಗೆ ಅದರಂತೆಯೇ ಕಾಣುವ ಸತ್ವವಿಲ್ಲದ ಪುಡಿ. ಪ್ರೋಬಯಾಟಿಕ್ ಪಡೆದವರ ತೂಕ ಸರಾಸರಿ 1.42 ಕಿಲೋ ಏರಿದರೆ, ಪಡೆಯದವರದು 2.30 ಕಿಲೋ ಏರಿತು. ಆದರೆ ಇನ್ಸುಲಿನ್ ಸ್ಪಂದನೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಒಂದು ಪ್ರಯೋಗದಲ್ಲಿ ಇನ್ಸುಲಿನ್ ಸ್ಪಂದನೆ ಉಳಿಯಿತು. ಇನ್ನೊಂದರಲ್ಲಿ ಅದಕ್ಕೆ ಏನೂ ಆಗಲಿಲ್ಲ, ಬದಲಿಗೆ ತೂಕದ ಏರಿಕೆ ಸ್ವಲ್ಪ ತಗ್ಗಿತು. ತಗ್ಗಿತು ಎಂದರೂ ಪ್ರೋಬಯಾಟಿಕ್ ತೆಗೆದುಕೊಂಡವರು ದಪ್ಪವಾಗದೆ ಉಳಿಯಲಿಲ್ಲ. ತಳಿ ಬೇರೆ, ಪ್ರಮಾಣ ಬೇರೆ, ಫಲವೂ ಬೇರೆ. ಎರಡನ್ನೂ ಕೂಡಿಸಿದರೆ 37 ಮಂದಿ ಆರೋಗ್ಯವಂತರು, ಹೆಚ್ಚೆಂದರೆ ನಾಲ್ಕು ವಾರ. ಅವರೆಲ್ಲ ಮಿತಿಮೀರಿ ತಿಂದವರು; ನೀವು ಮಧುಮೇಹದ ಹೊಸ್ತಿಲಲ್ಲಿದ್ದು, ತೂಕ ಇಳಿಸಿಕೊಳ್ಳುತ್ತಾ, ತಿಂಗಳುಗಟ್ಟಲೆ ಕೊಬ್ಬಿನ ಊಟ ಮಾಡುತ್ತಿರುವವರು. ಈ ಫಲಿತಾಂಶಗಳು ನನಗೆ ಕುತೂಹಲಕರವೆನಿಸುತ್ತವೆ. ನಿಮಗೆ ಚೀಟಿ ಬರೆದುಕೊಡುವಷ್ಟು ಗಟ್ಟಿಯಾಗಿ ಕಾಣುವುದಿಲ್ಲ.

ಕೊಬ್ಬಿಗೂ ಕರುಳಿನ ಬ್ಯಾಕ್ಟೀರಿಯಾಕ್ಕೂ ನಂಟೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಊಟದಲ್ಲಿ ತಪ್ಪಿರುವುದು ಏನೆಂಬುದು ಅಲ್ಲಿಯೇ ತಿಳಿಯುತ್ತದೆ. 2004ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಫ್ರೆಡ್ರಿಕ್ ಬ್ಯಾಕ್‌ಹೆಡ್ ಮತ್ತು ಜೆಫ್ರಿ ಗಾರ್ಡನ್ ಅವರ ತಂಡವು, ಹುಟ್ಟಿನಿಂದಲೇ ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಬೆಳೆಸಿದ ಇಲಿಗಳಿಗೆ ಸಾಮಾನ್ಯ ಇಲಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಟ್ಟಿತು. ಎರಡೇ ವಾರದಲ್ಲಿ ಅವುಗಳ ಮೈಕೊಬ್ಬು ಸುಮಾರು ಶೇ. 60ರಷ್ಟು ಹೆಚ್ಚಿತು, ಅದೂ ಮೊದಲಿಗಿಂತ ಕಡಿಮೆ ತಿಂದು. ತಿಂದ ಆಹಾರದಿಂದ ಎಷ್ಟು ಶಕ್ತಿ ಮೈಗೆ ಸೇರುತ್ತದೆ, ಅದು ಎಲ್ಲಿ ಶೇಖರವಾಗುತ್ತದೆ ಎಂಬುದರಲ್ಲಿ ಕರುಳಿನ ನಿವಾಸಿಗಳಿಗೂ ಪಾಲಿದೆ ಎಂಬುದು ಹೀಗೆ ಸ್ಪಷ್ಟವಾಯಿತು.

2007ರಲ್ಲಿ ಪ್ಯಾಟ್ರಿಸ್ ಕಾನಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ನಮ್ಮ ಕರುಳಿನಲ್ಲಿರುವ ಅನೇಕ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತುವಿದೆ. ಕರುಳಿನೊಳಗೆ ಇರುವವರೆಗೆ ಅದರಿಂದ ತೊಂದರೆಯಿಲ್ಲ. ರಕ್ತಕ್ಕೆ ಬಂದರೆ ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರುವೆಂದು ಕಂಡು ಉರಿಯೂತ ಎಬ್ಬಿಸುತ್ತದೆ. ನಾಲ್ಕು ವಾರ ಕೊಬ್ಬಿನ ಆಹಾರ ತಿಂದ ಇಲಿಗಳ ರಕ್ತದಲ್ಲಿ ಈ ವಸ್ತು ಎರಡರಿಂದ ಮೂರು ಪಟ್ಟು ಹೆಚ್ಚಿತ್ತು. ಸೋಂಕಿನಿಂದ ನಂಜೇರಿದಾಗ ಕಾಣುವಷ್ಟು ಪ್ರಮಾಣ ಅಲ್ಲ, ಸದ್ದಿಲ್ಲದೆ ಸದಾ ಇರುವ ಸಣ್ಣ ಪ್ರಮಾಣ. ಸಾಮಾನ್ಯ ಆಹಾರದ ಇಲಿಗಳ ಮೈಗೆ ಅಷ್ಟೇ ಪ್ರಮಾಣವನ್ನು ನಾಲ್ಕು ವಾರ ಹರಿಸಿದಾಗ ಅವುಗಳ ಸಕ್ಕರೆ, ಇನ್ಸುಲಿನ್, ತೂಕ, ಯಕೃತ್ತಿನ ಕೊಬ್ಬು ಎಲ್ಲವೂ ಕೊಬ್ಬು ತಿಂದ ಇಲಿಗಳಂತೆಯೇ ಏರಿದವು. ಕೊಬ್ಬನ್ನು ಕರುಳಿನಿಂದ ಹೊತ್ತೊಯ್ಯುವ ಕೈಲೊಮೈಕ್ರಾನ್ ಕಣಗಳ ಜೊತೆ ಈ ವಸ್ತುವೂ ಒಳಸೇರುತ್ತದೆ. ಕರುಳಿನ ಒಳಪದರದ ಜೀವಕೋಶಗಳ ನಡುವಿನ ಬಿಗಿತ ಸಡಿಲವಾದರೆ ಇನ್ನಷ್ಟು ಸೇರುತ್ತದೆ. ಕೊಬ್ಬು ಹೆಚ್ಚಾದಾಗ ಪಿತ್ತರಸವೂ ಹೆಚ್ಚು ಸುರಿಯುವುದರಿಂದ, ಅದನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳೇ ಬಲಿಯುತ್ತವೆ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಐದು ದಿನ ಬರೀ ಮಾಂಸ, ಮೊಟ್ಟೆ, ಚೀಸ್ ತಿಂದ ಸ್ವಯಂಸೇವಕರ ಕರುಳಿನಲ್ಲಿ ಇಂಥ ಬದಲಾವಣೆ ಕೆಲವೇ ದಿನಗಳಲ್ಲಿ ಕಂಡಿತು.

ಪ್ರೋಬಯಾಟಿಕ್ ಪರವಾದ ವಾದ ಹುಟ್ಟಿದ್ದು ಇಲ್ಲಿಂದಲೇ: ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟು ಕರುಳಿನ ಗೋಡೆಯನ್ನು ಬಿಗಿಗೊಳಿಸಿದರೆ ಇಷ್ಟೂ ನಿಲ್ಲುತ್ತದಲ್ಲವೇ? ಇಲಿಗಳಲ್ಲಿ ಎಷ್ಟೋ ಸಲ ನಿಂತಿದೆ ಕೂಡ. ಆದರೆ ಕಾನಿಯವರ ತಂಡ ಅದೇ 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ. ನನ್ನ ದೃಷ್ಟಿಯಲ್ಲಿ ನಿಮಗೆ ಬೇಕಾದ ಉತ್ತರ ಇರುವುದು ಅದರಲ್ಲಿ. ಕೊಬ್ಬಿನ ಆಹಾರ ತಿನ್ನುವ ಇಲಿಗಳಿಗೆ ಅವರು ಯಾವ ಬ್ಯಾಕ್ಟೀರಿಯಾವನ್ನೂ ಕೊಡಲಿಲ್ಲ. ಒಲಿಗೊಫ್ರಕ್ಟೋಸ್ ಎಂಬ, ಕರುಳಿನ ಬ್ಯಾಕ್ಟೀರಿಯಾಗಳು ತಿಂದು ಅರಗಿಸುವ ನಾರನ್ನು ಕೊಟ್ಟರು. ಕೊಬ್ಬಿನಿಂದ ಕುಗ್ಗಿದ್ದ ಬೈಫಿಡೊಬ್ಯಾಕ್ಟೀರಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ತಾವಾಗಿಯೇ ಮತ್ತೆ ಹೆಚ್ಚಿದವು, ರಕ್ತದಲ್ಲಿನ ಲಿಪೊಪಾಲಿಸ್ಯಾಕರೈಡ್ ತಗ್ಗಿತು, ಸಕ್ಕರೆಯ ನಿಯಂತ್ರಣ ಸುಧಾರಿಸಿತು. ತಿನ್ನುತ್ತಿದ್ದ ಕೊಬ್ಬು ಮಾತ್ರ ಹಾಗೆಯೇ ಇತ್ತು.

ಪ್ರಯೋಗಾಲಯದಲ್ಲಿ ಇಲಿಗಳಿಗೆ ಕೊಡುವ ‘ಹೆಚ್ಚು ಕೊಬ್ಬಿನ ಆಹಾರ’ ಎಂದರೆ ಏನೆಂದು ಗೊತ್ತಿರಬೇಕು. ಬಹುಬಳಕೆಯ ಒಂದು ಬಗೆಯಲ್ಲಿ ಶೇ. 60 ಕ್ಯಾಲರಿ ಕೊಬ್ಬಿನಿಂದ, ಅದೂ ಮುಖ್ಯವಾಗಿ ಹಂದಿಯ ಕೊಬ್ಬಿನಿಂದ ಬರುತ್ತದೆ. ನಾರು ಎಂದು ಇರುವುದು ಬರೀ ಸೆಲ್ಯುಲೋಸ್. ಅದನ್ನು ಕರುಳಿನ ಬ್ಯಾಕ್ಟೀರಿಯಾಗಳು ಹೆಚ್ಚೇನೂ ತಿನ್ನಲಾರವು. ಹೋಲಿಕೆಗೆ ಇಟ್ಟ ಇಲಿಗಳಿಗೆ ಅನೇಕ ಸಲ ಧಾನ್ಯದ ಮಾಮೂಲಿ ಆಹಾರ ಕೊಡುತ್ತಾರೆ, ಅದರಲ್ಲಿ ಕರಗುವ ನಾರು ಧಾರಾಳವಾಗಿರುತ್ತದೆ. ಹೀಗಿರುವಾಗ ಆದ ಹಾನಿಗೆ ಕೊಬ್ಬು ಇದ್ದದ್ದು ಕಾರಣವೋ, ನಾರು ಇಲ್ಲದ್ದು ಕಾರಣವೋ? ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೆನ್ವಾ ಶಸ್ಸೆಂ, ಆಂಡ್ರ್ಯೂ ಗೆವಿರ್ಟ್ಸ್ ಮತ್ತು ಸಂಗಡಿಗರು 2015ರಲ್ಲಿ ಇದನ್ನೇ ಬಿಡಿಸಿ ನೋಡಿದರು. ಕರಗುವ ನಾರು ಇಲ್ಲದ ಆಹಾರ ತಿಂದ ಇಲಿಗಳ ಕರುಳೇ ಸೊರಗಿ ಕಿರಿದಾಯಿತು, ಮೈಕೊಬ್ಬು ಏರಿತು. ಅದೇ ಆಹಾರಕ್ಕೆ ಇನ್ಯುಲಿನ್ ಎಂಬ ಕರಗುವ ನಾರನ್ನು ಸೇರಿಸಿದಾಗ ಬಹುಪಾಲು ರಕ್ಷಣೆ ಸಿಕ್ಕಿತು. ಕೊಬ್ಬು ನಿರಪರಾಧಿ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಕೊಬ್ಬಿನ ಲೆಕ್ಕಕ್ಕೆ ಬರೆದ ಹಾನಿಯಲ್ಲಿ ದೊಡ್ಡದೊಂದು ಪಾಲು ನಾರಿನ ಗೈರುಹಾಜರಿಯದು ಎಂಬುದು ಸ್ಪಷ್ಟ.

ಈಗ ನಿಮ್ಮ ತಟ್ಟೆಯನ್ನು ನೋಡಿ. ಪನೀರ್, ಮೊಟ್ಟೆ, ಕೋಳಿ, ಬೆಣ್ಣೆ, ತುಪ್ಪ; ಇವುಗಳಲ್ಲಿ ಒಂದರಲ್ಲೂ ನಾರು ಇಲ್ಲ. ಆ ಇಲಿಗಳ ಆಹಾರಕ್ಕೆ ನಿಮ್ಮ ಊಟ ಎಷ್ಟು ಹತ್ತಿರ ಬಂದಿದೆ ಎಂಬುದೇ ನನ್ನ ಚಿಂತೆ. 2020ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು, ತೂಕ ಹೆಚ್ಚಿದ್ದ 17 ಗಂಡಸರಿಗೆ ನಾಲ್ಕು ವಾರ ಕೀಟೊ ಆಹಾರ ಕೊಟ್ಟಾಗ ಆದದ್ದನ್ನು ವರದಿ ಮಾಡಿದರು. ಅವರ ಕರುಳಿನಲ್ಲಿ ಎಲ್ಲಕ್ಕಿಂತ ಎದ್ದುಕಾಣುವಂತೆ ಕುಸಿದದ್ದು ಬೈಫಿಡೊಬ್ಯಾಕ್ಟೀರಿಯಾ. ನಿಮ್ಮ ಕ್ಯಾಪ್ಸೂಲ್ ಡಬ್ಬಿಯಲ್ಲಿರುವ ತಳಿಗಳ ಪಟ್ಟಿಯನ್ನು ಓದಿ. ಬೈಫಿಡೊಬ್ಯಾಕ್ಟೀರಿಯಂ ಎಂಬ ಹೆಸರು ಬಹುಶಃ ಅದರಲ್ಲಿ ಇದ್ದೇ ಇರುತ್ತದೆ. ಅಂದರೆ ಊಟದಲ್ಲಿ ಅವುಗಳಿಗೆ ತಿನ್ನಲು ಏನೂ ಇಡದೆ, ಹಣ ಕೊಟ್ಟು ಅವನ್ನೇ ತಂದು ನುಂಗಲು ನಿಮಗೆ ಹೇಳಲಾಗಿದೆ.

ನಾರು ಸಿಕ್ಕಾಗ ಈ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಣಿಯ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಆಹಾರ. ಆ ಪದರ ಬಿಗಿಯಾಗಿರುವುದು ಅದರ ಬಲದಿಂದ. ಹಸಿವನ್ನು ತಗ್ಗಿಸಿ ಇನ್ಸುಲಿನ್ ಸ್ರವಿಕೆಗೆ ನೆರವಾಗುವ ಜಿಎಲ್‌ಪಿ-1 ಹಾರ್ಮೋನು ಹೊರಬರಲೂ ಈ ಆಮ್ಲಗಳು ಪ್ರೇರಣೆ ಕೊಡುತ್ತವೆ. ಇಂದು ದುಬಾರಿ ಚುಚ್ಚುಮದ್ದುಗಳು ಅನುಕರಿಸುವುದು ಇದೇ ಹಾರ್ಮೋನನ್ನು. ನಿಮ್ಮ ಮಲಬದ್ಧತೆಗೂ ನಾರಿನ ಕೊರತೆಯೇ ಮೊದಲ ಕಾರಣವಾಗಿರಬಹುದು.

ಹಾಗಾದರೆ ಪ್ರೋಬಯಾಟಿಕ್‌ನಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಆದರೆ ತಳಿ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಜಪಾನಿನಲ್ಲಿ 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಗ್ಯಾಸೆರಿ ಎಸ್‌ಬಿಟಿ2055 ತಳಿ ಸೇರಿಸಿದ ಹುದುಗುಹಾಲನ್ನು 12 ವಾರ ಕುಡಿದವರ ಹೊಟ್ಟೆಯೊಳಗಿನ ಕೊಬ್ಬು ಶೇ. 4.6ರಷ್ಟು ಇಳಿಯಿತು. 2013ರಲ್ಲಿ ಅದನ್ನೇ 210 ಮಂದಿಯಲ್ಲಿ ಪುನಃ ನೋಡಿದಾಗಲೂ ಇಳಿಕೆ ಕಂಡಿತು. ಕುಡಿಯುವುದನ್ನು ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಆ ಲಾಭ ಕರಗತೊಡಗಿತು. ಹೊರಗಿನಿಂದ ಬಂದ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಬೇರೂರುವುದಿಲ್ಲ, ಹಾದುಹೋಗುತ್ತವೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಎಂಡೋಸ್ಕೋಪಿ ಮಾಡಿ ಕರುಳಿನ ಒಳಗೋಡೆಯಿಂದಲೇ ಮಾದರಿ ತೆಗೆದು ನೋಡಿದಾಗ, ಒಂದೇ ಪ್ರೋಬಯಾಟಿಕ್ ಕೆಲವರಲ್ಲಿ ನೆಲೆ ಕಂಡುಕೊಂಡಿತ್ತು, ಕೆಲವರ ಕರುಳು ಅದನ್ನು ಹತ್ತಿರಕ್ಕೇ ಬಿಟ್ಟುಕೊಂಡಿರಲಿಲ್ಲ. ಮಲಪರೀಕ್ಷೆಯಿಂದ ಈ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ ಎಂಬುದೂ ಅಲ್ಲಿ ಹೊರಬಿತ್ತು. ಅಂಚೆಯಲ್ಲಿ ಮಲದ ಮಾದರಿ ಕಳಿಸಿದರೆ ನಿಮಗೆ ತಕ್ಕ ಪ್ರೋಬಯಾಟಿಕ್ ಹೇಳುತ್ತೇವೆ ಎನ್ನುವ ಜಾಹೀರಾತುಗಳನ್ನು ನೋಡುವಾಗ ಇದು ನೆನಪಿರಲಿ.

ಅಕ್ಕರ್‌ಮ್ಯಾನ್ಸಿಯಾ ಮ್ಯುಸಿನಿಫಿಲಾ ಎಂಬ ಬ್ಯಾಕ್ಟೀರಿಯಾದ ಬಗ್ಗೆಯೂ ನೀವು ಕೇಳಿರಬಹುದು. ಕರುಳಿನ ಲೋಳೆಪದರದಲ್ಲಿ ಬಾಳುವ ಇದನ್ನು 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಗುರುತಿಸಿದರು. ಕೊಬ್ಬು ತಿನ್ನಿಸಿದ ಇಲಿಗಳಲ್ಲಿ ಇದು ಗೋಡೆಯ ಬಿಗಿತವನ್ನು ಮರಳಿ ತಂದದ್ದನ್ನು 2013ರಲ್ಲಿ ಕಾನಿಯವರ ತಂಡ ತೋರಿಸಿತು. 2019ರಲ್ಲಿ ಮನುಷ್ಯರ ಮೇಲಿನ ಮೊದಲ ಪ್ರಯೋಗ: ತೂಕ ಹೆಚ್ಚಿದ್ದ, ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ 32 ಮಂದಿ, ಮೂರು ತಿಂಗಳು. ಇನ್ಸುಲಿನ್ ಸ್ಪಂದನೆ ಸುಧಾರಿಸಿದ್ದು, ಒಟ್ಟು ಕೊಲೆಸ್ಟರಾಲ್ ತುಸು ಇಳಿದದ್ದು ಪಾಶ್ಚರೀಕರಿಸಿದ, ಅಂದರೆ ಬಿಸಿ ಮಾಡಿ ಕೊಂದ ಬ್ಯಾಕ್ಟೀರಿಯಾ ತೆಗೆದುಕೊಂಡವರಲ್ಲಿ. ಜೀವಂತ ಬ್ಯಾಕ್ಟೀರಿಯಾದಿಂದ ಅಷ್ಟು ಫಲ ಸಿಗಲಿಲ್ಲ. ಅದರ ಹೊರಮೈಯ ಪ್ರೋಟೀನೊಂದು ಬಿಸಿಗೂ ಕೆಡದೆ ಕೆಲಸ ಮಾಡುತ್ತದೆ ಎಂಬುದು ಇದಕ್ಕೆ ಒಂದು ವಿವರಣೆ. ಡಬ್ಬಿಯ ಮೇಲಿನ 5,000 ಕೋಟಿ ಎಂಬ ಸಂಖ್ಯೆಯನ್ನೇ ನೋಡಿ ಗುಣವನ್ನು ಅಳೆಯಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಎಲ್‌ಡಿಎಲ್. ಪಿತ್ತದ ಲವಣಗಳನ್ನು ಒಡೆಯುವ ಕೆಲವು ತಳಿಗಳು ಅದನ್ನು ಇಳಿಸಬಲ್ಲವು. ಲ್ಯಾಕ್ಟೊಬ್ಯಾಸಿಲಸ್ ರೂಟೆರಿ ಎನ್‌ಸಿಐಎಂಬಿ 30242 ಎಂಬ ತಳಿಯನ್ನು ಒಂಬತ್ತು ವಾರ ಕೊಟ್ಟ ಪ್ರಯೋಗದಲ್ಲಿ ಎಲ್‌ಡಿಎಲ್ ಸುಮಾರು ಶೇ. 11ರಿಂದ 12ರಷ್ಟು ತಗ್ಗಿತ್ತು. ಪ್ರೋಬಯಾಟಿಕ್‌ಗಳ ಮಟ್ಟಿಗೆ ಇದು ಬಹಳ ಒಳ್ಳೆಯ ಫಲಿತಾಂಶ. ಅದೇ ತಳಿ ನಿಮಗೆ ಸಿಕ್ಕಿ, ಅಷ್ಟೇ ಚೆನ್ನಾಗಿ ಕೆಲಸ ಮಾಡಿತು ಎಂದಿಟ್ಟುಕೊಂಡರೂ 171 ಇರುವುದು 150ರ ಆಸುಪಾಸಿಗೆ ಬರುತ್ತದೆ. ಕೀಟೊ ಶುರುಮಾಡುವ ಮೊದಲು ನಿಮ್ಮದು 118 ಇತ್ತು. ಊಟದಿಂದ ಏರಿದ್ದನ್ನು ಕ್ಯಾಪ್ಸೂಲ್‌ನಿಂದ ಇಳಿಸುವ ಲೆಕ್ಕ ಕೂಡಿಬರುವುದಿಲ್ಲ.

ನಿಮ್ಮ ತಾಯಿಯವರ ಮಜ್ಜಿಗೆಯ ವಿಷಯಕ್ಕೆ ಬರುತ್ತೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯಂತೆ, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯಾಟಿಕ್. ಮನೆಯ ಹೆಪ್ಪಿನಲ್ಲಿ ಯಾವ ತಳಿಗಳು ಎಷ್ಟಿವೆ ಎಂದು ಯಾರೂ ಅಳೆದಿರುವುದಿಲ್ಲ. ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಮನೆಯ ಮೊಸರನ್ನು ಪ್ರೋಬಯಾಟಿಕ್ ಎನ್ನಲಾಗದು. ಅದು ಹುದುಗಿದ ಆಹಾರ, ಜೀವಂತ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಂದ ತುಂಬಿದ ಆಹಾರ. ಅದರ ಮಹತ್ವ ಅಷ್ಟಕ್ಕೇ ಕಡಿಮೆಯಾಗುವುದಿಲ್ಲ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಮಂದಿಯನ್ನು ಎರಡು ಗುಂಪು ಮಾಡಿ, ಹತ್ತು ವಾರ ಒಂದು ಗುಂಪಿಗೆ ಮೊಸರು, ಕೆಫಿರ್, ಕಿಮ್ಚಿಯಂಥ ಹುದುಗಿದ ಆಹಾರವನ್ನೂ ಇನ್ನೊಂದಕ್ಕೆ ನಾರಿನ ಆಹಾರವನ್ನೂ ಹೆಚ್ಚಿಸಿದರು. ಹುದುಗಿದ ಆಹಾರ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ರಕ್ತದಲ್ಲಿ ಇಳಿದವು. ನಾರು ತಿಂದವರಲ್ಲಿ ಅಷ್ಟು ಬೇಗ ವೈವಿಧ್ಯ ಹೆಚ್ಚಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಹುದುಗಿದ ಆಹಾರದ ಗುಂಪಿನವರು ದಿನಕ್ಕೆ ತಿಂದದ್ದು ಸುಮಾರು ಆರು ಸಲದ ಪ್ರಮಾಣ, ಒಂದು ಲೋಟವಲ್ಲ.

ಆದರೂ ನಿಮ್ಮ ಸ್ಥಿತಿಯಲ್ಲಿ ಮಜ್ಜಿಗೆಗೆ ಇನ್ನೊಂದು ಒಳ್ಳೆಯ ಗುಣವಿದೆ: ಕಡೆದು ಬೆಣ್ಣೆ ತೆಗೆದಿರುತ್ತಾರೆ. ಊಟಕ್ಕೊಂದು ಲೋಟ ಕುಡಿಯಿರಿ, ಉಪ್ಪು ಕಡಿಮೆ ಹಾಕಿ. ಮಜ್ಜಿಗೆ ಸಾರು ಕುದಿಸಿದರೆ, ಇಡ್ಲಿ ಹಬೆಯಲ್ಲಿ ಬೆಂದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ರುಚಿ ಮತ್ತು ಜೀರ್ಣಸುಲಭತೆ ಉಳಿದರೂ ಅವನ್ನು ಜೀವಂತ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಸೇರಿಸಬೇಡಿ. ಅಂಗಡಿಯ ಪ್ರೋಬಯಾಟಿಕ್ ಪಾನೀಯಗಳಲ್ಲಿ ಸಕ್ಕರೆ ಇರುತ್ತದೆ. ಎಚ್‌ಬಿಎ1ಸಿ 6.1 ಇರುವವರು ಆ ಲೇಬಲ್ಲನ್ನು ಓದದೆ ಕೊಳ್ಳಬಾರದು.

ಊಟದ ಬಗ್ಗೆ ನನ್ನ ಅಭಿಪ್ರಾಯ ಇದು: ಅನ್ನ-ಸಕ್ಕರೆ ಕಡಿಮೆ ಮಾಡಿದ್ದು ಸರಿ, ಅವುಗಳ ಜೊತೆ ಕಾಳುಗಳನ್ನೂ ಬಿಟ್ಟದ್ದು ತಪ್ಪು. ಮಧುಮೇಹದ ಬಗೆಗಿನ ಐಸಿಎಂಆರ್-ಇಂಡಿಯಾಬ್ ರಾಷ್ಟ್ರೀಯ ಸಮೀಕ್ಷೆಯ 2025ರ ವರದಿಯ ಪ್ರಕಾರ ಭಾರತೀಯರ ಕ್ಯಾಲರಿಯಲ್ಲಿ ಸುಮಾರು ಶೇ. 62 ಪಿಷ್ಟ-ಸಕ್ಕರೆಗಳಿಂದ ಬರುತ್ತದೆ. ಅದನ್ನು ತಗ್ಗಿಸಿದ್ದರಿಂದಲೇ ನಿಮ್ಮ ತೂಕವೂ ಟ್ರೈಗ್ಲಿಸರೈಡೂ ಇಳಿದಿವೆ. ಆ ಗಳಿಕೆಯನ್ನು ಬಿಟ್ಟುಕೊಡಬೇಡಿ. ಅನ್ನವನ್ನು ಹಾಗೆಯೇ ದೂರವಿಟ್ಟು ಕಾಳುಗಳನ್ನು ಮರಳಿ ತನ್ನಿ. ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 16 ಗ್ರಾಂ ನಾರಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 25 ಗ್ರಾಂ. ಮಡಕಿ, ಹೆಸರು, ಅಲಸಂದೆ, ಕಡಲೆಗಳ ಉಸುಳಿಯನ್ನು ದಿನಕ್ಕೊಂದು ಬಟ್ಟಲು, ಮೆಂತ್ಯ, ಪುಂಡಿಯಂಥ ಸೊಪ್ಪಿನ ಪಲ್ಯವನ್ನು ಎರಡು ಹೊತ್ತು, ಮತ್ತು ಒಂದು ಜೋಳದ ರೊಟ್ಟಿಯನ್ನು ಸೇರಿಸಿದರೆ ನೀವು ಅದರ ಸಮೀಪ ಬರುತ್ತೀರಿ. ರೊಟ್ಟಿಯ ಜೊತೆ ಹಸಿ ಈರುಳ್ಳಿ ಕಡಿಯುವ ರೂಢಿಯನ್ನು ಬಿಟ್ಟಿದ್ದರೆ ಮತ್ತೆ ಶುರುಮಾಡಿ. ಕಾನಿಯವರು ಇಲಿಗಳಿಗೆ ಕೊಟ್ಟ ಒಲಿಗೊಫ್ರಕ್ಟೋಸಿನ ಬಳಗದ ನಾರು ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಸಹಜವಾಗಿಯೇ ಇದೆ. ನಾಲ್ಕು ತಿಂಗಳ ಬಳಿಕ ಒಮ್ಮೆಲೇ ಕಾಳು ತಿಂದರೆ ಹೊಟ್ಟೆಯುಬ್ಬರ ಖಚಿತ. ಮೊದಲ ವಾರ ಕಾಲು ಬಟ್ಟಲಿನಿಂದ ಆರಂಭಿಸಿ, ಎರಡು-ಮೂರು ವಾರಗಳಲ್ಲಿ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ. ಸಕ್ಕರೆ ಏರೀತು ಎಂಬ ಭಯವಿದ್ದರೆ ಗ್ಲುಕೋಮೀಟರ್‌ನಲ್ಲಿ ಊಟವಾಗಿ ಎರಡು ಗಂಟೆಗೆ ನೋಡಿ. ಉಸುಳಿ ತಿಂದಾಗಿನ ಏರಿಕೆ ಅನ್ನ ತಿಂದಾಗಿನದಕ್ಕಿಂತ ಎಷ್ಟು ಕಡಿಮೆ ಎಂಬುದು ಹೆಚ್ಚಿನವರಿಗೆ ಸಮಾಧಾನ ತರುತ್ತದೆ.

ಕೀಟೊ ನಿಯಮ ಇದರಿಂದ ಮುರಿಯುತ್ತದೆ ಎಂದು ತರಬೇತುದಾರರು ಹೇಳಬಹುದು. ಮುರಿಯಲಿ. ನಿಮಗೆ ಬೇಕಾಗಿರುವುದು ತೂಕ ಇಳಿದು ಸಕ್ಕರೆ ಹತೋಟಿಗೆ ಬರುವುದು. ಅದಕ್ಕೆ ಕೀಟೋಸಿಸ್, ಅಂದರೆ ದೇಹ ಸಕ್ಕರೆಯ ಬದಲು ಮುಖ್ಯವಾಗಿ ಕೊಬ್ಬನ್ನೇ ಉರಿಸುವ ಸ್ಥಿತಿ, ಅನಿವಾರ್ಯವಲ್ಲ.

ಕೊಬ್ಬಿನ ಜಾತಿಯೂ ಮುಖ್ಯ. 2015ರಲ್ಲಿ ಸ್ವೀಡನ್ನಿನ ಯೋಥೆಬೊರಿಯಲ್ಲಿ ಇಲಿಗಳಿಗೆ ಸಮಪ್ರಮಾಣದಲ್ಲಿ ಹಂದಿಯ ಕೊಬ್ಬನ್ನೋ ಮೀನೆಣ್ಣೆಯನ್ನೋ ಕೊಟ್ಟು ನೋಡಿದಾಗ, ಹಂದಿಯ ಕೊಬ್ಬು ತಿಂದವುಗಳಲ್ಲಿ ಉರಿಯೂತ ಹೆಚ್ಚಿತು. ಮೀನೆಣ್ಣೆಯವುಗಳಲ್ಲಿ ಅಕ್ಕರ್‌ಮ್ಯಾನ್ಸಿಯಾ ಹೆಚ್ಚಿತ್ತು. ಬೆಣ್ಣೆ ಮತ್ತು ತುಪ್ಪದ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸ್ಯಾಚುರೇಟೆಡ್. ಎಲ್‌ಡಿಎಲ್ ಏರಿಸುವುದು ಮುಖ್ಯವಾಗಿ ಅದೇ. ಅಡುಗೆಗೆ ಶೇಂಗಾ ಎಣ್ಣೆ ಅಥವಾ ಕುಸುಬೆ ಎಣ್ಣೆ ಬಳಸಿ. ಅಗಸೆ ಚಟ್ನಿಪುಡಿ, ಒಂದು ಹಿಡಿ ಶೇಂಗಾ, ಸಿಕ್ಕರೆ ಮೀನು ಇರಲಿ. ತುಪ್ಪ ಒಂದು ಚಮಚಕ್ಕೆ ಇಳಿಯಲಿ.

ಇಷ್ಟಾದ ಮೇಲೂ ಕ್ಯಾಪ್ಸೂಲ್ ತೆಗೆದುಕೊಂಡು ನೋಡಬೇಕೆನಿಸಿದರೆ ನಾನು ತಡೆಯುವುದಿಲ್ಲ. ಡಬ್ಬಿಯಲ್ಲಿ ಕುಲ ಮತ್ತು ಪ್ರಭೇದದ ಹೆಸರಿನ ಮುಂದೆ ತಳಿಯ ಗುರುತೂ ಇರಬೇಕು. ಬರೀ ‘ಲ್ಯಾಕ್ಟೊಬ್ಯಾಸಿಲಸ್’ ಎಂದಿದ್ದರೆ ಕೊಳ್ಳಬೇಡಿ. 2020ರಲ್ಲಿ ಈ ಕುಲವನ್ನು ಹಲವು ಕುಲಗಳಾಗಿ ಒಡೆದಿರುವುದರಿಂದ ಒಂದೇ ತಳಿ ಹಳೆಯ ಮತ್ತು ಹೊಸ ಹೆಸರುಗಳೆರಡರಲ್ಲೂ ಕಾಣಬಹುದು, ಗಾಬರಿ ಬೇಡ. ಜೀವಾಣುಗಳ ಸಂಖ್ಯೆ ಬಳಕೆಯ ಕೊನೆಯ ದಿನಾಂಕದವರೆಗೆ ಇರುವಂಥದ್ದೇ, ತಯಾರಾದ ದಿನದ್ದೇ ಎಂದು ನೋಡಿ. ಹೊಸ ಊಟಕ್ಕೆ ಹೊಂದಿಕೊಂಡ ನಂತರ ಪ್ರತ್ಯೇಕವಾಗಿ 12 ವಾರ ತೆಗೆದುಕೊಂಡು, ಹಿಂದೆ ಮುಂದೆ ಒಂದೇ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸಿ, ಬದಲಾವಣೆ ಇಲ್ಲದಿದ್ದರೆ ನಿಲ್ಲಿಸಿಬಿಡಿ. ಎರಡನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಆರೋಗ್ಯವಂತರಿಗೆ ಇವು ಸಾಮಾನ್ಯವಾಗಿ ಸುರಕ್ಷಿತ, ಮೊದಲ ದಿನಗಳಲ್ಲಿ ವಾಯು ಆಗಬಹುದು ಅಷ್ಟೆ. ಎಲ್ಲರಿಗೂ ಹಾಗಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ತೀವ್ರವಾದ ಮೇದೋಜೀರಕ ಗ್ರಂಥಿಯ ಉರಿಯೂತದ ರೋಗಿಗಳಿಗೆ ಪ್ರೋಬಯಾಟಿಕ್ ಕೊಟ್ಟ ಪ್ರಯೋಗದ ವರದಿ 2008ರಲ್ಲಿ ಬಂತು: ಪ್ರೋಬಯಾಟಿಕ್ ಪಡೆದವರಲ್ಲಿ ಶೇ. 16 ಮಂದಿ, ಪಡೆಯದವರಲ್ಲಿ ಶೇ. 6 ಮಂದಿ ತೀರಿಕೊಂಡಿದ್ದರು. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಕಸಿ ಮಾಡಿಸಿಕೊಂಡವರು, ಅವಧಿಗೆ ಮುನ್ನ ಹುಟ್ಟಿದ ಕೂಸು ಇದ್ದರೆ ವೈದ್ಯರನ್ನು ಕೇಳದೆ ಈ ಡಬ್ಬಿಯನ್ನು ಅವರಿಗೆ ಕೊಡಬೇಡಿ.

ಕೊನೆಯದಾಗಿ, ನೀವು ಪ್ರಶ್ನೆಯ ತುದಿಯಲ್ಲಿ ಬರೆದ ಒಂದು ವಾಕ್ಯ ನನಗೆ ಉಳಿದೆಲ್ಲಕ್ಕಿಂತ ಮುಖ್ಯ. ತಂದೆಗೆ 55 ವರ್ಷಕ್ಕಿಂತ ಮೊದಲೇ ಹೃದಯದ ರಕ್ತನಾಳದ ಕಾಯಿಲೆ ಬಂದಿದ್ದರೆ ಮಗನಿಗೂ ಅಪಾಯ ಹೆಚ್ಚು. ಅಂಥವರಲ್ಲಿ 171ರ ಎಲ್‌ಡಿಎಲ್ಲನ್ನು ‘ಕೀಟೊದಲ್ಲಿ ಹಾಗಾಗುತ್ತದೆ’ ಎಂದು ಬಿಡಲಾಗದು. ಈ ವಾರವೇ ವೈದ್ಯರನ್ನು ಕಾಣಿ. ರಕ್ತದೊತ್ತಡ ನೋಡಿಸಿ, ಹೃದಯದ ಅಪಾಯ ತಿಳಿಸುವ ಎಪೊಬಿ ಮತ್ತು ಲೈಪೊಪ್ರೊಟೀನ್-ಎ ಎಂಬ ರಕ್ತಪರೀಕ್ಷೆಗಳ ಬಗ್ಗೆ ಕೇಳಿ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್ ಮಂದವಾದರೂ ಎಲ್‌ಡಿಎಲ್ ಏರುತ್ತದೆ, ಮಲಬದ್ಧತೆಯೂ ಆಗುತ್ತದೆ. ತುಪ್ಪ-ಬೆಣ್ಣೆ ಇಳಿಸಿ ಕಾಳು ಸೇರಿಸಿದ ಆರರಿಂದ ಎಂಟು ವಾರಗಳ ನಂತರ ಎಲ್‌ಡಿಎಲ್ ಮತ್ತೊಮ್ಮೆ ನೋಡಿಸಿ. ಆಗಲೂ ಇಳಿಯದಿದ್ದರೆ ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಮಾತೆತ್ತಬಹುದು. ಅದನ್ನು ಮುಂದೂಡಲು ಪ್ರೋಬಯಾಟಿಕ್ ಡಬ್ಬಿಯನ್ನು ನೆಪ ಮಾಡಿಕೊಳ್ಳಬೇಡಿ.